ಪಕ್ಕೆಯ ಹೊಲಿಗೆ

ಡಿಸ್ಕೋ ತಂಡವೊಂದರ ಮುಖ್ಯ ಗಾಯಕಿಗೆ ಹೋಟೆಲಿನ ಪುಟ್ಟ ವೇದಿಕೆಯಿಂದ ಹಿಡಿದು ಕ್ರೀಡಾಂಗಣ ತುಂಬಿಸುವ ಕಾಲದವರೆಗೂ ಬಟ್ಟೆ ಹೊಲಿದವನು ನಾನೇ. ಪ್ರತಿ ಸಲವೂ ಅವಳದು ಒಂದೇ ವರಾತ: "ಟೈಲರಣ್ಣಾ, ಪಕ್ಕೇಲಿ ಎರಡು ಬೆರಳು ಸಡಿಲ ಬಿಡು. ಉಸಿರೆಳೆಯೋಕೆ ಜಾಗ ಬೇಡ್ವಾ?"

ಅವಳು ತೀರಿಕೊಂಡ ಮೇಲೆ ಅವಳ ತಂಗಿ ಆ ಬೆಳ್ಳಿ ಮಿಂಚಿನ ಗೌನನ್ನು ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕೆ ಇಡಿಸಿದಳು. ಬೊಂಬೆಯ ಮೇಲೆ ಅದು ಜೋಲುತ್ತಿತ್ತು.

"ಬಿಗಿ ಮಾಡ್ಬಿಡಿ ಅಣ್ಣಾ, ಈಗ ಯಾರು ಹಾಡ್ಬೇಕು?" ಎಂದಳು.

ಬಿಗಿ ಮಾಡಿ ಹೊಲಿದೆ. ಗಾಜಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಅವಳೇ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಪಕ್ಕೆಯ ಹೊಲಿಗೆ ಬಿಚ್ಚಿಕೊಂಡಿತ್ತು. ನನ್ನ ಹೊಲಿಗೆ ಹಾಗೆಲ್ಲ ಬಿಚ್ಚುವಂಥದ್ದಲ್ಲ. ಸಿಟ್ಟಿನಿಂದ ಜೋಡಿ ದಾರ ಹಾಕಿದೆ. ಮಧ್ಯಾಹ್ನ ಜನರ ಕಣ್ಣೆದುರೇ ಅದು ಪಟಪಟನೆ ಕಿತ್ತುಬಂತು. ಕಳಚಿ ನೋಡಿದರೆ ಒಳಗಿನ ಅಸ್ತರು ಬೆವರಿನಿಂದ ಒದ್ದೆ. ಕಾರ್ಯಕ್ರಮ ಮುಗಿಸಿ ನನ್ನ ಕೈಗೆ ಕೊಡುತ್ತಿದ್ದಳಲ್ಲ, ಹಾಗೇ ಬೆಚ್ಚಗಿತ್ತು. ತಂಗಿ ಮುಟ್ಟಿದವಳೇ ಕೈ ಹಿಂದೆಗೆದಳು.

"ಅಕ್ಕ ಹೇಳ್ತಿದ್ದ ಹಾಗೇ ಮಾಡ್ಬಿಡಿ, ಅಣ್ಣಾ."

ಎರಡು ಬೆರಳು ಸಡಿಲ ಬಿಟ್ಟೆ. ಆಮೇಲೆ ಹೊಲಿಗೆ ಬಿಚ್ಚಿಲ್ಲ. ಆದರೆ ಪೆಟ್ಟಿಗೆಯ ಗಾಜನ್ನು ಈಗ ದಿನಾ ಒಳಗಿನಿಂದ ಒರೆಸಬೇಕು. ಆ ಗಾಯಕಿಯ ಬಾಯಿಯ ಎತ್ತರಕ್ಕೆ ಸರಿಯಾಗಿ, ಅಂಗೈಯಗಲ ಮಂಜು ಕಟ್ಟುತ್ತದೆ.

ಆ ಬೊಂಬೆಗೆ ತಲೆಯೇ ಇಲ್ಲ.