ಕೊನೇಮನೆ ತಾತ ಓಡಿದ್ದು ಎಲ್ಲಿಗೆ

"ಬರ್ಕೋ," ಎಂದರು ಬೇಕರಿ ಮಾಮ, ಬ್ರೆಡ್ಡಿನ ಟ್ರೇ ಕೆಳಗಿಡುತ್ತ. "ಫ್ಯಾಕ್ಟರಿ ಸೈರನ್ ಕೂಗಿತು ಅಂದ್ರೆ ಈ ಬೀದೀಲಿ ಕುಂಭಕರ್ಣನೂ ಎದ್ದು ಕೂತ್ಕೋತಿದ್ದ."

"ಅವನು ಎಷ್ಟನೇ ನಂಬರ್ ಮನೇಲಿದ್ದ, ಮಾಮ?"

"ನಿನ್ನ ತರಲೆಗೇನೂ ಕಮ್ಮಿ ಇಲ್ಲ. ಬರ್ಕೋ ಸುಮ್ನೆ."

ಯಾಕಮ್ಮ ನಗುತ್ತ ಬರೆದುಕೊಂಡಳು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಮಾತು ಕಲಿತ ದಿನದಿಂದ "ಯಾಕೆ, ಯಾಕೆ" ಎಂದು ಎಲ್ಲರ ತಲೆ ತಿಂದು ಬೀದಿಗೆಲ್ಲ ಯಾಕಮ್ಮನಾಗಿದ್ದಳು. ಈಗ ಐದನೇ ಕ್ಲಾಸಿನ ಮಿಸ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: "ನಮ್ಮ ಬೀದಿಯ ಚರಿತ್ರೆ". ಹಸಿದವಳನ್ನು ಊಟಕ್ಕೆ ಕರೆದಂತಾಗಿತ್ತು.

ಆ ಬೀದಿಯಲ್ಲಿ ನಲವತ್ತು ಮನೆಗಳು. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಂಚಿನ ಫ್ಯಾಕ್ಟರಿಯವರು ತಮ್ಮ ಕೆಲಸಗಾರರಿಗಾಗಿ ಕಟ್ಟಿಸಿದ ಮನೆಗಳು ಅವು. ಈಗ ಫ್ಯಾಕ್ಟರಿ ಇಲ್ಲ. ಅದರ ಚಿಮಣಿಯೊಂದು ಉಳಿದಿದೆ, ಅದರ ತುದಿಯಲ್ಲಿ ಹುಲ್ಲು ಬೆಳೆದಿದೆ.

ಟೈಲರ್ ಅಕ್ಕ ಹೇಳಿದ್ದನ್ನೂ ಅವಳು ಬರೆದುಕೊಂಡಿದ್ದಳು. "ಒಂದನೇ ಮನೇಲಿ ಸೀನಿದ್ರೆ ಮೂರನೇ ಮನೇಲಿ ನೆಗಡೀನಾ ಅಂತ ಕೇಳ್ತಿದ್ರು ಕಣೆ. ಯಾರ ಮನೆ ಮದುವೆ ಆದ್ರೂ ನಲವತ್ತು ಮನೇಲೂ ಒಲೆ ಹಚ್ತಿರ್ಲಿಲ್ಲ. ಎಲ್ರಿಗೂ ಅಲ್ಲೇ ಊಟ."

ಆದರೆ ಎಲ್ಲರ ಕತೆಯೂ ಒಂದೇ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. "ಆಮೇಲೆ ಫ್ಯಾಕ್ಟರಿ ಮುಚ್ತು."

"ಯಾಕೆ ಮುಚ್ತು?"

"ಮುಚ್ತು, ಅಷ್ಟೆ," ಎಂದರು ಬೇಕರಿ ಮಾಮ. ಇದ್ದಕ್ಕಿದ್ದಂತೆ ಅವರಿಗೆ ಒಳಗೆ ಕೆಲಸ ನೆನಪಾಯಿತು.

ಅವಳು ಬೀದಿಯ ತುದಿಯತ್ತ ನೋಡಿದಳು. ಅಲ್ಲಿ ಕೊನೇಮನೆ ತಾತ ಒಬ್ಬರೇ ಇದ್ದರು. ಅವರು ಫ್ಯಾಕ್ಟರಿಯ ವಾಚ್‌ಮನ್ ಆಗಿದ್ದವರು. ಅವರ ಜೊತೆ ಬೀದಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ಅವನ ಹತ್ರ ಏನ್ ಕೇಳ್ತೀಯ," ಎಂದಿದ್ದರು ಟೈಲರ್ ಅಕ್ಕ. "ಅವನು ಓಡಿಹೋದೋನು."

"ಎಲ್ಲಿಗೆ?" ಎಂದು ಕೇಳಿದ್ದಕ್ಕೆ ಮೆಷಿನ್ ಸದ್ದು ಜೋರಾಗಿತ್ತು. ಆ ಮನೆ ಹೊಸ್ತಿಲು ತುಳಿಯಬೇಡ ಎಂದು ಅಜ್ಜಿ ಬೇರೆ ಹೇಳಿದ್ದಳು. ಆದರೂ ಯಾಕಮ್ಮನ ಕಾಲುಗಳು ಅತ್ತಲೇ ನಡೆದವು.

ತಾತ ಬಾಗಿಲಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯಲು ನೋಡುತ್ತಿದ್ದರು. ದಾರ ಸೂಜಿಯ ಕಣ್ಣಿಗೆ ಹೋಗುತ್ತಲೇ ಇರಲಿಲ್ಲ.

"ಕೊಡಿ ತಾತ," ಎಂದು ಅವಳು ದಾರ ಪೋಣಿಸಿ ಕೊಟ್ಟಳು.

ಅವರು ಅವಳನ್ನೇ ನೋಡಿದರು. "ನೀನು ಹನ್ನೆರಡನೇ ಮನೆಯವಳಲ್ವಾ? ಅಜ್ಜಿಗೆ ಗೊತ್ತಾ, ಇಲ್ಲಿಗೆ ಬಂದಿದ್ದು?"

"ಪ್ರಾಜೆಕ್ಟ್‌ಗೆ ಬಂದೆ ತಾತ. ಫ್ಯಾಕ್ಟರಿ ಯಾಕೆ ಮುಚ್ತು?"

ತಾತ ಗುಂಡಿಗೆ ಎರಡು ಹೊಲಿಗೆ ಹಾಕಿದರು. ಆಮೇಲೆ ನಿಧಾನವಾಗಿ ಹೇಳತೊಡಗಿದರು.

ಮೂವತ್ತೆರಡು ವರ್ಷದ ಹಿಂದಿನ ಮಾತು. ಹೆಂಚು ಕಳುವಾಗುತ್ತಿದೆ ಎಂದು, ಶೆಡ್ಡಿನ ಹಿಂದಿನ ಬಾಗಿಲಿಗೆ ಸದಾ ಬೀಗ ಹಾಕಿರಬೇಕೆಂದು ಮಾಲೀಕರು ಹೇಳಿದ್ದರು. ಬೀಗ ಹಾಕುವುದು ತಾತನ ಕೆಲಸ. ಕೀ ಇರುವುದು ಮ್ಯಾನೇಜರ್ ಹತ್ತಿರ. ಒಂದು ಮಧ್ಯಾಹ್ನ ಶೆಡ್ಡಿನ ಮುಂದಿನ ಭಾಗಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮೂವರು ಹಿಂದಿನ ಬಾಗಿಲಿಗೆ ಓಡಿ ಬಂದರು.

"ಕಲ್ಲು ತಗೊಂಡು ಗುದ್ದಿದೆ. ಬೀಗ ಬಗ್ಗಲಿಲ್ಲ. ಕೀ ತರೋಕೆ ಆಫೀಸಿಗೆ ಓಡಿದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ರು. ಅವರ ಮನೆಗೆ ಓಡಿದೆ. ಕೀ ಹಿಡ್ಕೊಂಡು ವಾಪಸ್ ಬರೋ ಹೊತ್ತಿಗೆ..." ತಾತ ದಾರ ಕಡಿದರು. "ಒಳಗಿಂದ ಸದ್ದಿರ್ಲಿಲ್ಲ. ಮೂರೂ ಜನ ಹೋಗ್ಬಿಟ್ಟಿದ್ರು. ನಿನ್ನ ಅತ್ತೇನೂ. ಆವತ್ತಿಗೇ ಫ್ಯಾಕ್ಟರಿ ಮುಚ್ತು."

"ನನಗೆ ಅತ್ತೆ ಇಲ್ಲ ತಾತ."

ತಾತ ಅಂಗಿಯನ್ನು ಕೆಳಗಿಟ್ಟರು. "ಇದ್ಲಮ್ಮ. ನಿಮ್ಮಪ್ಪನ ಅಕ್ಕ. ಹತ್ತೊಂಬತ್ತು ವರ್ಷ. ಹೆಂಚು ಜೋಡಿಸೋ ಕೆಲಸ ಮಾಡ್ತಿದ್ಲು. ಅಯ್ಯೋ, ನಿನಗೆ ಹೇಳಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ."

"ನೀವು ಕೀ ತರೋಕೆ ಓಡಿದ್ದು ಅಂತ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಹೇಳಿದ್ರೂ ಏನು? ಬೀಗ ಹಾಕಿದ್ದು ಈ ಕೈಯೇ ತಾನೆ."

ಯಾಕಮ್ಮ ಮನೆಗೆ ಬಂದಾಗ ಅಜ್ಜಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಪ್ಪ ಅಮ್ಮ ಕೆಲಸದಿಂದ ಇನ್ನೂ ಬಂದಿರಲಿಲ್ಲ.

"ಅಜ್ಜಿ, ನನಗೆ ಒಬ್ರು ಅತ್ತೆ ಇದ್ರಾ?"

ಮಡಿಸುತ್ತಿದ್ದ ಸೀರೆ ಅಜ್ಜಿಯ ಕೈಯಿಂದ ಜಾರಿತು. "ಆ ಮನೆಗೆ ಹೋಗ್ಬೇಡ ಅಂದಿದ್ನಲ್ಲ."

"ತಾತ ಓಡಿಹೋಗ್ಲಿಲ್ವಂತೆ ಅಜ್ಜಿ. ಕೀ ತರೋಕೆ ಓಡಿದ್ರಂತೆ."

"ಸುಳ್ಳು," ಎಂದಳು ಅಜ್ಜಿ. ಸೀರೆಯನ್ನು ಎತ್ತಿಕೊಂಡಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ಕೇಳಿದಳು, "ಎಲ್ಲಿಗೆ ಓಡಿದ್ನಂತೆ?"

"ಮೊದಲು ಆಫೀಸಿಗೆ. ಅಲ್ಲಿ ಮ್ಯಾನೇಜರ್ ಇರ್ಲಿಲ್ಲ. ಅದಕ್ಕೆ ಅವರ ಮನೆಗೆ."

ಅಜ್ಜಿ ಬಟ್ಟೆಯ ರಾಶಿಯ ಪಕ್ಕದಲ್ಲೇ ಕುಸಿದು ಕೂತಳು. ಅವಳ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ಹೊಗೆ ನೋಡಿ ನಾನು ಫ್ಯಾಕ್ಟರಿ ಗೇಟಿನ ಹತ್ರ ಓಡಿ ಬಂದೆ. ಅವನು ಎದುರಿಗೇ ಓಡ್ತಾ ಬಂದ. ನನ್ನ ಮಗಳೆಲ್ಲಿ ಅಂತ ಕೂಗ್ದೆ. ತಿರುಗಿ ಕೂಡ ನೋಡ್ಲಿಲ್ಲ. ಬಿಟ್ಟು ಓಡಿಹೋದ ಅಂತ ಬೀದಿಗೆಲ್ಲ ಹೇಳಿದ್ದು ನಾನೇ ಪುಟ್ಟಾ. ಇನ್ಯಾರೂ ಅಲ್ಲ, ನಾನೇ."

ಅಜ್ಜಿ ಅಳುತ್ತಿರಲಿಲ್ಲ. ಅತ್ತಿದ್ದರೇ ವಾಸಿಯಿತ್ತು ಎಂದು ಯಾಕಮ್ಮನಿಗೆ ಅನಿಸಿತು.

ಅಜ್ಜಿ ಗೋಡೆ ಹಿಡಿದು ಎದ್ದಳು. "ಬಾ. ನನ್ನ ಕೈ ಹಿಡ್ಕೋ."

ಹನ್ನೆರಡನೇ ಮನೆಯಿಂದ ನಲವತ್ತನೇ ಮನೆಗೆ ದೂರವೇನಲ್ಲ. ಅಜ್ಜಿ ಮೂರು ಕಡೆ ನಿಂತು ಉಸಿರು ತೆಗೆದುಕೊಂಡಳು. ಟೈಲರ್ ಅಕ್ಕನ ಮೆಷಿನ್ ನಿಂತುಹೋಯಿತು. ಬೇಕರಿ ಮಾಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದರು.

ಅಜ್ಜಿಯನ್ನು ನೋಡಿ ಕೊನೇಮನೆ ತಾತ ತಟ್ಟನೆ ಎದ್ದು ನಿಂತರು. ಬೈಸಿಕೊಳ್ಳಲು ತಯಾರಾದವರಂತೆ ತಲೆ ತಗ್ಗಿಸಿದರು.

"ಹುಡುಗಿಗೆ ಹೇಳಬಾರದಿತ್ತು ಅಕ್ಕ. ತಪ್ಪಾಯ್ತು."

ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ನನ್ನ ಮಗಳು ನಿನ್ನ ಹತ್ರ ಏನಾದ್ರೂ ಅಂದ್ಲಾ? ಬಾಗಿಲ ಆ ಕಡೆಯಿಂದ?"

ತಾತ ಕಣ್ಣು ಮುಚ್ಚಿಕೊಂಡರು.

"ಬೇಗ ಬಾ ಮಾಮ ಅಂದ್ಲು. ಎರಡು ಸಲ. ಉಳಿದಿಬ್ರೂ ಕಿರುಚ್ತಿದ್ರು. ಇವಳು ಕಿರುಚಲಿಲ್ಲ. ಮೆತ್ತಗೆ ಹೇಳಿದ್ಲು."

"ಹೌದು," ಎಂದಳು ಅಜ್ಜಿ. "ಅವಳು ಮಾತಾಡೋದೇ ಹಾಗೆ. ಇರೋದೊಂದು ರೂಮು. ತಮ್ಮ ಚಿಕ್ಕೋನು, ಮಲಗಿರ್ತಿದ್ದ. ಅವನಿಗೆ ಎಚ್ಚರ ಆಗ್ಬಾರ್ದು ಅಂತ ಮೆತ್ತಗೆ ಮಾತಾಡಿ ಮಾತಾಡಿ ಅದೇ ರೂಢಿ ಆಗ್ಹೋಯ್ತು."

ಅಷ್ಟು ಹೇಳುವಷ್ಟರಲ್ಲಿ ಅಜ್ಜಿಯ ದನಿ ಒಡೆಯಿತು. ಮೂವತ್ತೆರಡು ವರ್ಷದಲ್ಲಿ ಮಗಳು ಬದುಕಿದ್ದ ದಿನಗಳ ಬಗ್ಗೆ ಅವಳು ಆಡಿದ ಮೊದಲ ಮಾತು ಅದಾಗಿತ್ತೋ ಏನೋ. ತಾತ ಇನ್ನೂ ನಿಂತೇ ಇದ್ದರು. ಅಜ್ಜಿ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದಳು. ತುಂಬ ಹೊತ್ತಾದ ಮೇಲೆ ತಾತ ಆ ಜಾಗದಲ್ಲಿ ಕೂತರು.

ಯಾಕಮ್ಮ ಸದ್ದಿಲ್ಲದೆ ಅಲ್ಲಿಂದ ಬಂದಳು. ಬಸ್ಸಿನಿಂದ ಇಳಿದ ಅಪ್ಪ ಬೀದಿಯ ಆ ಕಡೆಯಿಂದ ಬರುತ್ತಿದ್ದ, ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು.

"ಅಜ್ಜಿ ಎಲ್ಲಿ?"

"ಕೊನೇಮನೆ ತಾತನ ಹತ್ರ ಕೂತಿದಾರೆ."

ಅಪ್ಪ ನಂಬದವನಂತೆ ಬೀದಿಯ ತುದಿಗೆ ಕಣ್ಣು ಹಾಯಿಸಿದ. ಹೇಗೆ ಶುರು ಮಾಡುವುದೆಂದು ಅವಳು ಯೋಚಿಸಿದಳು. ಬೆಂಕಿ, ಬೀಗ, ಕೀ, ಎಲ್ಲವೂ ಗಂಟಲ ತನಕ ಬಂದವು.

"ಅಪ್ಪಾ," ಎಂದಳು. "ನಿನಗೆ ಎಚ್ಚರ ಆಗ್ಬಾರ್ದು ಅಂತ ಅತ್ತೆ ಮೆತ್ತಗೆ ಮಾತಾಡ್ತಿದ್ರಂತೆ."

ಅಪ್ಪ ನಡುಬೀದಿಯಲ್ಲೇ ನಿಂತುಬಿಟ್ಟ. ಆಮೇಲೆ ಯಾರದೋ ಮನೆಯ ಜಗಲಿಯ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಮುಖ ನೋಡಿದರೆ ಅವಳಿಗಿಂತ ಚಿಕ್ಕವನಂತೆ ಕಾಣುತ್ತಿದ್ದ. ಅವಳು ಅವನಿಗೆ ಒತ್ತಿಕೊಂಡು ಕೂತಳು. ಉಳಿದದ್ದನ್ನು ಅವನು ಕೇಳಿದಾಗ ಹೇಳಿದರಾಯಿತು.