ಓದಲ್ಲ ಅಂದ ಬೆಳಗು

"ಓದಿ!"

ಕಿವಿಯೊಳಗೆ ಗಂಡು ದನಿ ಸಿಡಿಯಿತು. ಬೆಳಗಿನ ಸುದ್ದಿ ಓದಲು ಕ್ಯಾಮೆರಾ ಮುಂದೆ ಕೂತಿದ್ದ ಅವಳಿಗೆ ಆ ದನಿಯ ಪರಿಚಯವೇ ಇರಲಿಲ್ಲ. ಹೊಸ ನಿರ್ದೇಶಕ ಅಂದೇ ಕೆಲಸಕ್ಕೆ ಸೇರಿದ್ದ. ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಅವಳ ಇಯರ್‌ಪೀಸಿನಲ್ಲಿ ಮಾತಾಡುತ್ತಿದ್ದ. ಮುಖ ಇನ್ನೂ ನೋಡಿರಲಿಲ್ಲ.

ಅವಳ ಮುಂದೆ ಈಗಷ್ಟೇ ತಂದಿಟ್ಟ ಒಂದು ಹಾಳೆ. ಎಲ್ಲೋ ಕೆಲಸ ನಡೆಯುತ್ತಿದ್ದ ಸುರಂಗ ಕುಸಿದಿತ್ತು. ಸತ್ತವರೆಂದು ಕೆಲವು ಹೆಸರುಗಳು.

"ಬೇರೆ ಚಾನೆಲ್‌ನವರು ಆಗಲೇ ಹೇಳ್ತಿದ್ದಾರೆ! ಓದಿ ಮೇಡಂ!"

ಯಾರು ನೋಡಿದ್ದು? ಯಾರು ಹೇಳಿದ್ದು? ಹಾಳೆಯಲ್ಲಿ ಅದಿರಲಿಲ್ಲ. ಯಾವುದೋ ಮನೆಯಲ್ಲಿ ಒಬ್ಬ ತಾಯಿ ಉಸಿರು ಬಿಗಿಹಿಡಿದು ಟೀವಿ ನೋಡ್ತಾ ಕೂತಿರ್ತಾಳೆ... ಅವಳಿಗೆ ನಾನೇನು ಹೇಳಲಿ?

ಹಾಳೆಯನ್ನು ಬೋರಲು ಹಾಕಿ, ಕ್ಯಾಮೆರಾದತ್ತ ನೇರ ನೋಡಿದಳು.

"ಕೆಲವು ಹೆಸರುಗಳು ನಮ್ಮ ಕೈ ಸೇರಿವೆ. ಆದರೆ ಅವು ನಿಜ ಅಂತ ಯಾರೂ ಖಚಿತಪಡಿಸಿಲ್ಲ. ಖಚಿತವಾಗುವವರೆಗೆ ನಾನು ಓದಲ್ಲ. ಕಾಯ್ತಿರುವ ಮನೆಯವರೇ... ನಿಮ್ಮ ಜೊತೆ ನಾವೂ ಕಾಯ್ತೀವಿ."

ಹಾಗೆಂದು ಮುಂದಿನ ಸುದ್ದಿಗೆ ತಿರುಗಿದಳು.

ಕಾರ್ಯಕ್ರಮ ಮುಗಿದ ಮೇಲೆ ಕಾರಿಡಾರಿನಲ್ಲಿ ಅವನು ಎದುರಾದ. ಎತ್ತರದ ಆಳು, ಸಿಟ್ಟಿಗೆ ಕೆಂಪೇರಿದ ಕಿವಿಗಳು.

"ನಿರ್ದೇಶಕ ಹೇಳಿದ್ದಕ್ಕೆ ಬೆಲೆ ಇಲ್ವಾ ಇಲ್ಲಿ?"

"ಇದೆ. ಆದ್ರೆ ಅಜ್ಜಿ ಮಾತಿಗೆ ಇನ್ನೂ ಜಾಸ್ತಿ ಬೆಲೆ ಇದೆ."

"ಯಾವ ಅಜ್ಜಿ?"

ಅವಳು ಆಗಲೇ ಮೇಕಪ್ ರೂಮಿನ ಕಡೆ ನಡೆದುಬಿಟ್ಟಿದ್ದಳು.

ಚಾನೆಲ್‌ನಲ್ಲಿ ಆ ಬೆಳಗಿನ ಕಾರ್ಯಕ್ರಮವನ್ನು ಎಲ್ಲರೂ 'ಅಜ್ಜಿ' ಅಂತಲೇ ಕರೆಯೋದು. ಹತ್ತಿರಹತ್ತಿರ ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಊರಿಗೆ ಮುಂಚೆ ಏಳುವ ಅಜ್ಜಿ! ಸುದ್ದಿ, ಹವಾಮಾನ, ಆಮೇಲೆ ಹಳದಿ ಸೋಫಾದ ಮೇಲೆ ಅತಿಥಿಯ ಜೊತೆ ಮಾತುಕತೆ. ಶುರುವಾದಾಗ ಇದ್ದದ್ದು ಒಂದೇ ಕ್ಯಾಮೆರಾ. ಬೆನ್ನ ಹಿಂದೆ ತೂಗುತ್ತಿದ್ದ ಪರದೆ ಮೊದಲ ನಿರೂಪಕಿಯ ಮನೆಯ ಕಿಟಕಿಯದು. ಪ್ರವಾಹ ಬಂದ ವರ್ಷ ಕಟ್ಟಡದ ಕೆಳಮಹಡಿಗೆ ನೀರು ನುಗ್ಗಿದಾಗ, ಆಕೆ ತಾರಸಿಯ ಮೇಲೆ ನಿಂತು ಸುದ್ದಿ ಓದಿದ್ದಳು. ದೊಡ್ಡ ಮಂತ್ರಿಯೊಬ್ಬರು ಪ್ರಶ್ನೆ ತಾಳಲಾರದೆ ಸೋಫಾ ಬಿಟ್ಟು ಎದ್ದುಹೋದಾಗ, ಖಾಲಿ ಜಾಗವನ್ನೇ ತೋರಿಸಿ ಉಳಿದ ಪ್ರಶ್ನೆಗಳನ್ನೂ ಕೇಳಿ ಮುಗಿಸಿದ್ದಳು!

ಆಕೆಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಕುರ್ಚಿ ಬಿಟ್ಟುಕೊಡುವಾಗ ನಮ್ಮ ಹುಡುಗಿಯ ಕೆನ್ನೆ ತಟ್ಟಿ ಹೇಳಿದ್ದು ಇಷ್ಟೇ: "ಅಜ್ಜಿ ತಡವಾಗಿ ಹೇಳಿದ್ರೂ ಪರವಾಗಿಲ್ಲ ಕಣೇ. ಸುಳ್ಳು ಹೇಳಬಾರದು."

ಆ ಮಧ್ಯಾಹ್ನ ಸುರಂಗದ ಇನ್ನೊಂದು ಬದಿಯಿಂದ ಮಣ್ಣು ಮೆತ್ತಿದ ಮೈಯಲ್ಲಿ ಒಬ್ಬೊಬ್ಬರೇ ಜೀವಂತ ಹೊರಬಂದರು. ಹಾಳೆಯಲ್ಲಿ ಸತ್ತಿದ್ದವರು!

ಅವಳು ಮೇಕಪ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಹೊರಬಂದರೆ... ಹಜಾರದಲ್ಲಿ ಚಪ್ಪಾಳೆ! ಮಾಲೀಕರು ಹೊಸ ನಿರ್ದೇಶಕನ ಬೆನ್ನು ತಟ್ಟುತ್ತಿದ್ದರು.

"ಶಹಬ್ಬಾಸ್! ಮೊದಲ ದಿನವೇ ಎಂಥ ಧೈರ್ಯದ ನಿರ್ಧಾರ ತಗೊಂಡ್ರಿ! ಓದೋದು ಬೇಡ ಅಂತ ತಡೆದವರು ಇವರೇ ಕಣ್ರಪ್ಪಾ!"

ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಇವನಾ? ಓದಿ ಅಂತ ಕಿರುಚಿದವನೇ?

ಅವನು ಏನೋ ಹೇಳಲು ಬಾಯಿ ತೆರೆದ. "ವಿನಯ ಸಾಕು!" ಅಂತ ಮಾಲೀಕರು ನಕ್ಕು ಹೊರಟೇಹೋದರು. ಅವನು ಜನರ ನಡುವಿನಿಂದ ಅವಳನ್ನು ನೋಡಿದ. ಅವಳು ಮುಖ ತಿರುಗಿಸಿದಳು.

"ಒಂದು ನಿಮಿಷ ಮಾತಾಡಬೇಕಿತ್ತು..." ಎಂದು ಹಿಂದೆಯೇ ಬಂದ.

"ಕೆಲಸದ ಮಾತಿದ್ರೆ ಕಿವಿಯಲ್ಲಿ ಹೇಳಿ. ಬೇರೆ ಮಾತು ನನಗೆ ಬೇಡ."

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಅವರಿಬ್ಬರ ನಡುವೆ ಇದ್ದದ್ದು ಆ ಪುಟ್ಟ ಇಯರ್‌ಪೀಸ್ ಮಾತ್ರ.

ಆದರೆ ಮನಸ್ಸು ಅನ್ನೋದು ಹೇಳಿದ ಮಾತು ಕೇಳುತ್ತದೆಯೇ?

ಒಮ್ಮೆ ಗಂಡನನ್ನು ಕಳೆದುಕೊಂಡ ಬಸ್ ಚಾಲಕಿ ಸೋಫಾದ ಮೇಲೆ ಮಾತು ನಿಲ್ಲಿಸಿ ಬಿಕ್ಕಿದಳು. ಜಾಹೀರಾತಿನ ಹೊತ್ತು ಮೀರುತ್ತಿತ್ತು. ಕಿವಿಯಲ್ಲಿ ಅವನ ದನಿ ಮೆಲ್ಲಗೆ ಬಂತು. "ಆತುರ ಬೇಡ... ನೀರು ಕೊಡಿ. ಅವರು ಅಳಲಿ. ಜಾಹೀರಾತಿನವರ ಹತ್ತಿರ ನಾನು ಬೈಸ್ಕೋತೀನಿ."

ಛೆ! ಬೇರೆಯವರ ಶ್ರೇಯ ಕದ್ದವನ ದನಿ ಯಾಕಿಷ್ಟು ಮೆತ್ತಗಿದೆ?

ಮನೆಯಲ್ಲಿ ಅಮ್ಮನ ರಾಗ ಬೇರೆ. "ಬೆಳಗಿನ ಜಾವ ಏಳ್ತೀಯ, ಸಂಜೆ ಆಗ್ತಿದ್ದಂಗೆ ತೂಕಡಿಸ್ತೀಯ. ನಿನ್ನ ಹೊತ್ತಿಗೆ ಹೊಂದೋ ಗಂಡು ಅಂದ್ರೆ ಹಾಲಿನವನು, ಇಲ್ಲಾ ಪೇಪರಿನವನು!"

ಅವಳು ನಕ್ಕಳು. ನಗುವಿನ ನಡುವೆ ಆ ಮೆತ್ತನೆಯ ದನಿ ನೆನಪಾಗಿ, ತನ್ನ ಮೇಲೆ ತನಗೇ ಕೋಪ ಬಂತು.

ಅಜ್ಜಿಗೆ ಮೂವತ್ತು ತುಂಬಿದ ಬೆಳಿಗ್ಗೆ ಸ್ಟುಡಿಯೋ ತುಂಬ ಹೂವು. ಹಳದಿ ಸೋಫಾದ ಮೇಲೆ ದೊಡ್ಡಮ್ಮ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು. ಕಾರ್ಯಕ್ರಮದ ಇತಿಹಾಸದ ಕಿರುಚಿತ್ರವನ್ನು ನಿರ್ದೇಶಕ ತಾನೇ ಮಾಡಿದ್ದ, ತಾನೇ ದನಿ ಕೊಟ್ಟಿದ್ದ.

ಸುರಂಗದ ದಿನ ಬರುತ್ತೆ ನೋಡು... ಈಗ ತನ್ನನ್ನೇ ಹೊಗಳಿಕೊಳ್ತಾನೆ, ಎಂದುಕೊಂಡಳು.

ಪರದೆಯ ಮೇಲೆ ಒಂದೇ ಕ್ಯಾಮೆರಾದ ಕಾಲ ಬಂತು. ತಾರಸಿ ಬಂತು, ಮಂತ್ರಿಯ ಖಾಲಿ ಜಾಗ ಬಂತು. ದೊಡ್ಡಮ್ಮ ಮಗುವಿನ ಹಾಗೆ ಕೈ ತಟ್ಟಿದರು. ಕೊನೆಗೆ ಸುರಂಗ.

"ಆ ಬೆಳಿಗ್ಗೆ ನಿರ್ದೇಶಕ ಓದಿ ಅಂದ. ನಿರೂಪಕಿ ಓದಲಿಲ್ಲ," ಎಂದಿತು ಅವನ ದನಿ. "ನಿರ್ದೇಶಕನದು ತಪ್ಪಾಗಿತ್ತು. ನಿರೂಪಕಿಯದು ಸರಿಯಾಗಿತ್ತು. ಆ ನಿರ್ದೇಶಕ ನಾನು. ಅವತ್ತಿನ ಹೊಗಳಿಕೆ ತಪ್ಪು ವಿಳಾಸಕ್ಕೆ ಬಂತು. ಮೂವತ್ತು ವರ್ಷ ನಿಮಗೆ ಸುಳ್ಳು ಹೇಳದ ಈ ಕಾರ್ಯಕ್ರಮ, ತನ್ನ ಬಗ್ಗೆಯೂ ಸುಳ್ಳು ಹೇಳಬಾರದು."

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಇಡೀ ನಾಡು ನೋಡುತ್ತಿದೆ, ಅವಳ ಬಾಯಿಂದ ಮಾತೇ ಹೊರಡುತ್ತಿಲ್ಲ!

ದೊಡ್ಡಮ್ಮ ಅವಳ ಕೈ ಹಿಡಿದು, ಕ್ಯಾಮೆರಾ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು: "ನೋಡಿ, ನಾನು ಕಟ್ಟಿದ ಮನೆಯಲ್ಲಿ ಎಂಥ ಮಕ್ಕಳಿದ್ದಾರೆ!"

ಕಾರ್ಯಕ್ರಮ ಮುಗಿಯಿತು. ಸ್ಟುಡಿಯೋ ನೋಡಿಕೊಳ್ಳುವ ಅಕ್ಕ, ಅವಳ ಕಾಲರಿನ ಮೈಕ್ ಬಿಚ್ಚುತ್ತ ತಡೆಯಲಾರದೆ ಅಂದೇಬಿಟ್ಟಳು.

"ನಿನಗೆ ಅರ್ಧ ಕಥೆಯಷ್ಟೇ ಗೊತ್ತು ಕಣೇ. ಅವತ್ತು ಬೆಳಿಗ್ಗೆ, ಸುರಂಗದವರು ಬದುಕಿದ್ದಾರೆ ಅಂತ ಗೊತ್ತಾಗೋ ಮೊದಲೇ, ಮಾಲೀಕರು ಕೆಂಡವಾಗಿದ್ರು. ನಾನು ಅಲ್ಲೇ ಇದ್ದೆ. ನಿನ್ನನ್ನ ಕಾರ್ಯಕ್ರಮದಿಂದ ತೆಗೀರಿ ಅಂದ್ರು. ಆಗ ನಮ್ಮ ನಿರ್ದೇಶಕ ಎದ್ದು ನಿಂತು, 'ಓದೋದು ಬೇಡ ಅಂದವನು ನಾನೇ, ನನ್ನನ್ನ ತೆಗೀರಿ' ಅಂದ. ಅವನು ಹೊತ್ತುಕೊಂಡಿದ್ದು ಬೈಗುಳ. ಮಧ್ಯಾಹ್ನಕ್ಕೆ ಅದೇ ಹೂಮಾಲೆ ಆಯ್ತು!"

"ಅಕ್ಕಾ! ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಬೇಡ ಅಂತ ಆಣೆ ಹಾಕಿಸಿದ್ದ. 'ಹೊಗಳಿಸಿಕೊಂಡ ಮೇಲೆ ಸಬೂಬು ಹೇಳಿದ್ರೆ ಯಾರು ನಂಬ್ತಾರೆ' ಅಂದ. ಇವತ್ತು ಅವನೇ ಬಾಯಿ ಬಿಟ್ಟ ಮೇಲೆ ನಂದೇನು ಆಣೆ!"

ಅವಳು ಮೆಟ್ಟಿಲು ಹತ್ತಿ ಕಂಟ್ರೋಲ್ ರೂಮಿಗೆ ಓಡಿದಳು.

ಅವನು ಫೋನ್ ಹಿಡಿದು ನಿಂತಿದ್ದ. ಮಾಲೀಕರ ಆರ್ಭಟ ಬಾಗಿಲವರೆಗೂ ಕೇಳುತ್ತಿತ್ತು. ಅವರಿಗೆ ತೋರಿಸಿದ್ದ ಚಿತ್ರದಲ್ಲಿ ಆ ಕೊನೆಯ ಭಾಗ ಇರಲಿಲ್ಲವಂತೆ. ನಾಳೆಯಿಂದ ಬರಬೇಡ ಅನ್ನುತ್ತಿದ್ದರು. "ಸರಿ ಸರ್..." ಅನ್ನುತ್ತಿದ್ದ ಅವನ ಕೈಯಿಂದ ಅವಳು ಫೋನ್ ಕಿತ್ತುಕೊಂಡಳು.

"ಸರ್, ಇವರನ್ನ ಕಳಿಸಿದ್ರೆ, ಯಾಕೆ ಕಳಿಸಿದ್ರಿ ಅಂತ ನಾಳೆ ಜನ ಕೇಳ್ತಾರೆ. ನಾನು ನಿಜಾನೇ ಹೇಳಬೇಕಾಗುತ್ತೆ. ಈಗ ಕೆಳಗೆ ಬಂದು ನೋಡಿ, ದೊಡ್ಡಮ್ಮನಿಗೂ ನಮಗೂ ಅಭಿನಂದನೆ ಹೇಳೋಕೆ ಜನ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ."

ಆ ಕಡೆಯಿಂದ ಒಂದು ಗೊಣಗು. "ದೊಡ್ಡಮ್ಮನೂ ಆಗಲೇ ಫೋನ್ ಮಾಡಿ ಇದನ್ನೇ ಅಂದ್ರು. ಇಬ್ಬರೂ ಕೆಲಸ ನೋಡ್ಕೊಳ್ಳಿ, ಹೋಗಿ!"

ಅವಳು ಫೋನನ್ನು ಅವನ ಕೈಗೆ ವಾಪಸ್ ಕೊಟ್ಟಳು.

"ಇಷ್ಟು ತಿಂಗಳು ನಿಮ್ಮನ್ನ ಮನಸಲ್ಲೇ ಬೈದೆ," ಅಂದಳು, ಕಣ್ಣು ಒರೆಸಿಕೊಳ್ಳುತ್ತ.

"ಗೊತ್ತಿತ್ತು. ನೀವು ನಮಸ್ಕಾರ ಹೇಳೋ ರೀತಿಯಲ್ಲೇ ಗೊತ್ತಾಗ್ತಿತ್ತು."

"ಮತ್ತೆ ನನಗಾಗಿ ಯಾಕೆ ಅಷ್ಟು ಬೈಸ್ಕೊಂಡ್ರಿ? ಅವತ್ತು ಇನ್ನೂ ನನ್ನ ಪರಿಚಯವೂ ಇರಲಿಲ್ಲ..."

"ನೀವು ಕಾರಿಡಾರಿನಿಂದ ಹೋದ ಮೇಲೆ ಅಜ್ಜಿ ಯಾರು ಅಂತ ವಿಚಾರಿಸಿದೆ, ಖಚಿತವಾಗದ ಹೆಸರು ಓದಿ ಅಂದದ್ದು ತಪ್ಪು ಅಂತ ಆಗಲೇ ಅರ್ಥವಾಯ್ತು. ನನ್ನ ತಪ್ಪಿಗೆ ನೀವು ಶಿಕ್ಷೆ ಅನುಭವಿಸಬಾರದು ಅಂತ, ಅಷ್ಟೇ." ಅವನ ಕಿವಿಗಳು ಮತ್ತೆ ಕೆಂಪಾದವು. ಈ ಸಲ ಸಿಟ್ಟಿಗಲ್ಲ. "ಪ್ರೀತಿ ಆಮೇಲೆ ಬಂತು. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ..."

ಅವಳು ತಲೆ ಎತ್ತಿ ಅವನನ್ನೇ ನೋಡಿದಳು.

"ಖಚಿತವಾ?" ಎಂದಳು ಮೆಲ್ಲಗೆ.

"ನೂರಕ್ಕೆ ನೂರು. ನೀವು?"

ಅವಳು ಅವನ ಹತ್ತಿರ ಬಂದು, ಅವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ನಿಮ್ಮನ್ನ ಬೆಳಿಗ್ಗೆ ಯಾರು ಎಬ್ಬಿಸ್ತಾರೆ?"

"ಅಲಾರಂ."

"ಅದನ್ನ ಕೆಲಸದಿಂದ ತೆಗೆದುಬಿಡಿ."