ಎಲ್ಲರಿಗೂ ಅನುಮತಿ

ದೆವ್ವಗಿವ್ವ ನಂಬುವ ಆಸಾಮಿ ನಾನಲ್ಲ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಆವತ್ತು ಮಧ್ಯಾಹ್ನ ಹೋದ ಮನೆಯಲ್ಲಿ ಕೆಳಗಿನ ಕಂಪ್ಯೂಟರಿನ ಫೈಲುಗಳು ಮಹಡಿಯ ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಕೆಳಗಿನದು ಇದ್ದದ್ದು ಮೆಟ್ಟಿಲಡಿಯ ಕಿಟಕಿಯಿಲ್ಲದ ಗೂಡಿನಲ್ಲಿ. ಸೆಕೆ ತಡೆಯಲಾರದೆ ಬಾಗಿಲು ತೆರೆದಿಟ್ಟೇ ಕೂತೆ.

ಪಾಸ್‌ವರ್ಡಿನ ತಲೆನೋವು ಯಾರಿಗೆ ಬೇಕು? ನಮ್ಮ ಕಸುಬಿನವರೆಲ್ಲ ಮಾಡುವ ಹಾಗೆ ಫೋಲ್ಡರಿಗೆ ‘ಎಲ್ಲರಿಗೂ ಅನುಮತಿ’ ಕೊಟ್ಟುಬಿಟ್ಟೆ.

“ಬಂತು ಕಣ್ರೀ!” ಮನೆಯಾಕೆ ಮಹಡಿಯಿಂದ ಕೂಗಿದರು.

ಕಂಪ್ಯೂಟರ್ ಆಫ್ ಮಾಡಲು ಹೋದೆ. ಪರದೆ ತಡೆಯಿತು: ಇನ್ನೊಬ್ಬರು ಇದನ್ನು ಬಳಸುತ್ತಿದ್ದಾರೆ.

“ಮೇಡಂ, ನಿಮ್ಮದನ್ನ ಆಫ್ ಮಾಡಿ.”

“ಆಗ್ಲೇ ಮಾಡಿದೀನಲ್ಲ! ವೈರೂ ಕಿತ್ತಿದೀನಿ.”

ನನ್ನ ಕಡೆಯ ನೆಟ್‌ವರ್ಕ್ ವೈರನ್ನೂ ಕಿತ್ತೆ. ಆದರೂ ಇನ್ನೊಬ್ಬರು ಬಳಸುತ್ತಲೇ ಇದ್ದರು. ಡಿಸ್ಕ್ ಕರಕರ ಅಗಿಯುತ್ತಿತ್ತು. ಯಾರೋ ಹಿಂದಿನಿಂದ ಬಗ್ಗಿ ಪರದೆ ಓದುತ್ತಿರುವ ಹಾಗೆ ನನ್ನ ಕತ್ತಿಗೆ ತಣ್ಣನೆ ಗಾಳಿ ತಗುಲಿ, ನಿಂತು, ಮತ್ತೆ ತಗುಲುತ್ತಿತ್ತು.

ತಿರುಗಿದೆ. ಯಾರೂ ಇಲ್ಲ. ಬಾಗಿಲು ಮುಚ್ಚಿತ್ತು, ಒಳಗಿನ ಚಿಲಕವೂ ಬಿದ್ದಿತ್ತು. ಮಂಜುಗಡ್ಡೆಯಂತಿದ್ದ ಆ ಚಿಲಕ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

“ಒಳಗಿಂದ ಯಾಕ್ರೀ ಚಿಲಕ ಹಾಕ್ಕೊಂಡ್ರಿ?” ಆಕೆ ಕೆಳಗಿಳಿದು ಬಂದು ಬಾಗಿಲು ಬಡಿದರು. ನಾನು ಚಿಲಕ ಜಗ್ಗುತ್ತಲೇ ಇದ್ದೆ.

ಡಿಸ್ಕಿನ ಸದ್ದು ನಿಂತಿತು. ಚಿಲಕ ತಾನಾಗಿಯೇ ಸರಿಯಿತು.

ನನ್ನ ಲ್ಯಾಪ್‌ಟಾಪನ್ನು ಅಲ್ಲಿ ಚೀಲದಿಂದ ಹೊರಗೆ ತೆಗೆದೇ ಇರಲಿಲ್ಲ. ಮನೆಗೆ ಬಂದು ತೆರೆದರೆ ಅದೇ ಫೋಲ್ಡರ್ ಅದರಲ್ಲಿತ್ತು, ಖಾಲಿಯಾಗಿ. ಇವತ್ತಿಗೂ ಅಳಿಸಲು ಹೋದಾಗಲೆಲ್ಲ ಒಂದೇ ಉತ್ತರ: ಅಳಿಸಲಾಗದು, ಇದನ್ನು ಇನ್ನೊಬ್ಬರು ತೆರೆದಿದ್ದಾರೆ.